ಮೋಟು ಜೀಪು, ಉದ್ದ ಮೂಕಿ

ಅಣ್ಣನಿಗೆ ಐವತ್ತೊಂದನೇ ವಯಸ್ಸಿನಲ್ಲಿ ಮದುವೆಯಾಯಿತು. ಅವನೂ ಆ ಆಸೆ ಬಿಟ್ಟಿದ್ದ, ತಂಗಿಯೂ ಬಿಟ್ಟಿದ್ದಳು, ನೆಂಟರಂತೂ ಕೇಳಿ ಕೇಳಿ ಬಾಯಿ ಸೋತು ಸುಮ್ಮನಾಗಿದ್ದರು. ಹೆಣ್ಣು ಮೂರು ಗಂಟೆಯ ದಾರಿಯಾಚೆ ಹೂವಿನ ಸಸಿಗಳ ನರ್ಸರಿ ನಡೆಸುವವಳು, ಗಟ್ಟಿಗಿತ್ತಿ, ಮೊದಲ ಗಂಡನನ್ನು ಕಳೆದುಕೊಂಡು ಒಂಬತ್ತು ವರ್ಷ ಒಂಟಿಯಾಗಿ ಕೆಲಸ ಸಂಭಾಳಿಸಿದವಳು. ಅಂಥವಳು ತಾನಾಗಿ ಒಪ್ಪಿದ್ದೇ ದೊಡ್ಡದು ಎಂದು ತಂಗಿಗೆ ನಿಜಕ್ಕೂ ಸಂತೋಷವಾಯಿತು. ಮದುವೆಯ ದಿನ ಸಾಕ್ಷಿಯ ಸಹಿ ಹಾಕಿದವಳು ಅವಳೇ. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಅಣ್ಣನ ಅಂಗಿಯ ಕಾಲರು ಸರಿಮಾಡಿ, ಹೊರಗೆ ಬಂದಾಗ ಮಾತ್ರ ಅವಳಿಗೆ ಹೊಳೆಯಿತು: ನಾಳೆಯಿಂದ ಟ್ಯಾಂಕಿನ ಬಾಯಲ್ಲಿ ನಿಲ್ಲುವವರು ಯಾರು?

ಅವಳ ಕೆಲಸ ನೀರಿನ ಟ್ಯಾಂಕು ತೊಳೆಯುವುದು. ಮನೆಗಳ ನೆಲದಡಿಯ ಟ್ಯಾಂಕು, ಮಾಳಿಗೆಯ ಮೇಲಿನ ಟ್ಯಾಂಕು, ಶಾಲೆಗಳದ್ದು, ಹಾಸ್ಟೆಲ್‌ಗಳದ್ದು, ಎಲ್ಲವೂ. ಜನ ಅವಳನ್ನು ಟ್ಯಾಂಕಮ್ಮ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಫೋನಿನಲ್ಲಿ ಬರೆದುಕೊಂಡವರು ಬಹುಶಃ ಯಾರೂ ಇರಲಿಲ್ಲ. ಅಣ್ಣ ಮಾತ್ರ ಕುಳ್ಳಿ ಎನ್ನುತ್ತಿದ್ದ. ಆ ಕುಳ್ಳು ಮೈಯೇ ಅವಳ ಬಂಡವಾಳ. ಅಣ್ಣನ ಹೊಟ್ಟೆ ಯಾವ ಟ್ಯಾಂಕಿನ ಬಾಯಲ್ಲೂ ತೂರುತ್ತಿರಲಿಲ್ಲ. ಹಾಗಾಗಿ ಹತ್ತೊಂಬತ್ತು ವರ್ಷ ಅವಳು ಒಳಗೆ, ಅವನು ಹೊರಗೆ. ಮುಚ್ಚಳ ತೆಗೆದು, ಬ್ಲೋವರ್ ಹಚ್ಚಿ ಒಳಗಿನ ಕೆಟ್ಟ ಗಾಳಿ ಹೊರಹಾಕಿ, ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುವುದು ಅಣ್ಣನ ಕೆಲಸ. ಇಳಿದ ಮೇಲೆ ಎರಡು ನಿಮಿಷಕ್ಕೊಮ್ಮೆ ಅವನು "ಕುಳ್ಳೀ" ಎನ್ನಬೇಕು, ಅವಳು "ಹೂಂ" ಎನ್ನಬೇಕು. ಹೂಂ ಬರದಿದ್ದರೆ ಹಗ್ಗ ಎಳೆಯಬೇಕು. ಒಮ್ಮೆಯೂ ಎಳೆಯುವ ಪ್ರಸಂಗ ಬಂದಿರಲಿಲ್ಲ. ಆದರೆ ಲೆಕ್ಕ ಹಾಕಿದರೆ ಆ ಹತ್ತೊಂಬತ್ತು ವರ್ಷಗಳಲ್ಲಿ ಅವರು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಇದೇ ಎರಡು ಶಬ್ದ.

ಅಣ್ಣ ಹೋಗುವಾಗ ವ್ಯಾನು ತೆಗೆದುಕೊಂಡು ಹೋದ. ಅದು ಅವನದ್ದೇ. ಸಸಿ ಸಾಗಿಸಲು ನರ್ಸರಿಗೆ ಅದು ಬೇಕಿತ್ತು, ತಂಗಿಯೇ ಒತ್ತಾಯಿಸಿ ಕಳಿಸಿದಳು. ಸಾಮಾನೆಲ್ಲ ಇವಳ ಪಾಲಿಗೆ ಬಂತು: ಕೆಸರು ಹೀರುವ ಪಂಪು, ಜನರೇಟರು, ಬ್ಲೋವರು, ಪೈಪಿನ ಎರಡು ಸುರುಳಿ, ಏಣಿ, ಡ್ರಮ್ಮುಗಳು, ಬ್ರಷ್ಷುಗಳ ಕಂತೆ. ಇವನ್ನು ಹೊರಲು ಉಳಿದದ್ದು ಅಪ್ಪನ ಕಾಲದ ಮೋಟು ಜೀಪು. ಎರಡೇ ಬಾಗಿಲು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಒಬ್ಬ ಉದ್ದನೆಯ ಆಳು ಕೈ ಚಾಚಿ ಮಲಗುವಷ್ಟೇ ಜಾಗ. ಇಂಜಿನ್ ಗಟ್ಟಿಯಾಗಿತ್ತು, ಏರು ಹತ್ತುವುದರಲ್ಲಿ ಅದಕ್ಕೆ ಸಮನಿಲ್ಲ. ಆದರೆ ಒಳಗೆ ಸಾಮಾನು ತುಂಬಿದರೆ ಡ್ರೈವರ್ ಸೀಟಿನ ಕುತ್ತಿಗೆಯವರೆಗೂ ಪೈಪು ಬರುತ್ತಿತ್ತು. ಜನರೇಟರಿನ ಪೆಟ್ರೋಲ್ ವಾಸನೆಗೆ ತಲೆ ಸಿಡಿಯುತ್ತಿತ್ತು. ಏಣಿಯನ್ನು ಮೇಲೆ ಕಟ್ಟಿದರೆ ಗಾಳಿಗೆ ಸಿಳ್ಳೆ ಹೊಡೆಯುತ್ತಿತ್ತು. ಎರಡು ತಿಂಗಳು ಹೀಗೆ ತೆವಳಿ, ಒಂದು ದಿನ ತಿರುವಿನಲ್ಲಿ ಪೈಪಿನ ಸುರುಳಿ ಜಾರಿ ಗೇರಿನ ಮೇಲೆ ಬಿದ್ದ ಮೇಲೆ, ಹಿಂದೆ ಒಂದು ಸಣ್ಣ ಟ್ರೈಲರ್ ಕಟ್ಟಿಕೊಳ್ಳದೆ ಗತಿಯಿಲ್ಲ ಎಂದು ಅವಳಿಗೆ ಖಚಿತವಾಯಿತು.

ಮೊದಲು ನೋಡಿದ್ದು ಎರಡು. ಹಳೆಯ ವಾಹನ ಮಾರುವವನ ಅಂಗಳದಲ್ಲಿ ನಾಲ್ಕು ಗಾಲಿಯ ದೊಡ್ಡದೊಂದು ಇತ್ತು. ಇದರಲ್ಲಿ ನಿಮ್ಮ ಇಡೀ ಮನೆಯೇ ಹಿಡಿಸುತ್ತದೆ ಎಂದು ಅವನು ತಟ್ಟೆ ಬಡಿದಂತೆ ಅದರ ಪಕ್ಕೆ ಬಡಿದು ತೋರಿಸಿದ. ಖಾಲಿ ಇದ್ದಾಗಲೇ ಅದು ಜೀಪಿನ ಅರ್ಧ ತೂಕವಿತ್ತು. ಇನ್ನೊಂದು ಅಂಗಡಿಯಲ್ಲಿ ಮುದ್ದಾದ ಪುಟ್ಟ ಟ್ರೈಲರ್, ಬಣ್ಣ ಹೊಚ್ಚಹೊಸದು, ಮೂತಿ ಇಷ್ಟೇ ಇಷ್ಟು. ಅವಳಿಗೆ ಅದು ಬಹಳ ಹಿಡಿಸಿತು. ಮೋಟು ಜೀಪಿಗೆ ಮೋಟು ಟ್ರೈಲರ್, ಜೋಡಿ ಸರಿಯಾಯಿತು ಎಂದುಕೊಂಡಳು. ಅಂಗಡಿಯವನು ಒಂದು ದಿನದ ಮಟ್ಟಿಗೆ ಕಟ್ಟಿಕೊಂಡು ಓಡಿಸಿ ನೋಡಿ ಎಂದ. ನೆಟ್ಟಗಿನ ದಾರಿಯಲ್ಲಿ ಚೆನ್ನಾಗಿಯೇ ಹೋಯಿತು. ಮನೆಯ ಮುಂದೆ ಹಿಂದಕ್ಕೆ ತೆಗೆಯಲು ಹೋದಾಗ ಮಾತ್ರ ಅದು ಹಟಮಾರಿ ಆಡಿನಂತೆ ಸರ್ರನೆ ಅಡ್ಡ ತಿರುಗಿ ಜೀಪಿನ ಹಿಂದಿನ ದೀಪಕ್ಕೇ ಗುದ್ದಿತು. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಅಡ್ಡ. ಕೊನೆಗೆ ಕೊಂಡಿ ಬಿಚ್ಚಿ ಕೈಯಿಂದಲೇ ನೂಕಿ ಒಳಗಿಟ್ಟಳು. ಎದುರುಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಯಾರೂ ಇಳಿದು ಬರಲಿಲ್ಲ. ಕರೆದಿದ್ದರೆ ಬರುತ್ತಿದ್ದರೇನೋ. ಅವಳು ಕರೆಯಲಿಲ್ಲ.

ಒಡೆದ ದೀಪ ಹಾಕಿಸಲು ಹೋದಲ್ಲಿ ಮೆಕ್ಯಾನಿಕ್ಕು, ಊರಾಚೆಯ ಬೆಸುಗೆ ಶೆಡ್ಡಿಗೆ ಹೋಗಿ, ಅಲ್ಲಿರುವ ಅಜ್ಜನನ್ನು ಕೇಳಿ ಎಂದ. ಎಪ್ಪತ್ತು ದಾಟಿದ ಮುದುಕ, ಒಂದು ಕಿವಿ ಪೂರ್ತಿ ಕೇಳದು. ಕಪ್ಪು ಕನ್ನಡಕ ಹಣೆಗೇರಿಸಿಕೊಂಡು ಬಂದವನು ಅವಳನ್ನು ಏನೂ ಕೇಳಲಿಲ್ಲ. ಸೀದಾ ಜೀಪಿನ ಹತ್ತಿರ ಹೋಗಿ ಟೇಪು ತೆಗೆದು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಅಳೆದ. ಮೂಗಿನಲ್ಲೇ ನಕ್ಕ.

"ಎಂಟಡಿನೂ ಇಲ್ಲ" ಎಂದ. "ಉದ್ದ ಗಾಡಿಗೆ ಹಿಂದಿಂದ ಯಾರಾದ್ರೂ ತಳ್ಳಿದ್ರೆ ಅದು ತಡ್ಕೊಳ್ಳತ್ತೆ. ಇದು ತಡ್ಕೊಳ್ಳಲ್ಲ ಕಣಮ್ಮಾ. ಬಾಲ ಅಲ್ಲಾಡಿದ್ರೆ ನಾಯೀನೂ ಅಲ್ಲಾಡತ್ತೆ."

ಆಮೇಲೆ ಅವಳನ್ನು ಒಂದು ಮರದ ದಿಮ್ಮಿಯ ಮೇಲೆ ಕೂರಿಸಿ ಒಂದೊಂದಾಗಿ ವಿಚಾರಿಸಿದ. ಏನೇನು ಹೇರುತ್ತೀ, ಪಂಪಿನ ತೂಕವೆಷ್ಟು, ಡ್ರಮ್ಮಿನಲ್ಲಿ ನೀರು ಇರುತ್ತದೋ ಖಾಲಿಯೋ, ದಾರಿಯಲ್ಲಿ ಇಳಿಜಾರು ಎಷ್ಟು. ಅವಳು ಅಂದಾಜಿನಲ್ಲಿ ಹೇಳಿದ್ದಕ್ಕೆಲ್ಲ ಇನ್ನೊಂದಿಷ್ಟು ಸೇರಿಸಿಕೊಂಡು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ತುಂಬಿದ ಟ್ರೈಲರ್ ಜೀಪಿನ ಅರ್ಧ ತೂಕವನ್ನು ಮೀರಕೂಡದು, ಮೀರುವ ಹಾಗಿದ್ದರೆ ಎರಡು ಸಲ ಹೋಗಿ ಬಾ ಎಂದ. ಗಾಲಿ ಎರಡೇ ಸಾಕು, ಆದರೆ ಎರಡರ ನಡುವಿನ ಅಗಲ ಜೀಪಿನಷ್ಟೇ ಇರಬೇಕು. ಆಗ ಜೀಪು ದಾಟಿದ ಸಂದಿಯಲ್ಲಿ ಅದೂ ದಾಟುತ್ತದೆ. ಮತ್ತೆ ಮುಖ್ಯವಾದದ್ದು ಮೂಕಿ. ಎತ್ತಿನ ಗಾಡಿಯ ಮೂಕಿಯಂತೆ ಟ್ರೈಲರ್‌ನಿಂದ ಮುಂದಕ್ಕೆ ಚಾಚಿ ಜೀಪಿನ ಕೊಂಡಿಗೆ ಸಿಗುವ ಕಬ್ಬಿಣದ ಕಂಬಿಗೆ ಅಜ್ಜ ಆ ಹೆಸರಿಟ್ಟಿದ್ದ. ಅವಳು ತಂದು ಹಿಂದಿರುಗಿಸಿದ್ದ ಪುಟ್ಟ ಟ್ರೈಲರ್‌ಗೆ ಮೂಕಿಯೇ ಇರಲಿಲ್ಲವೆನ್ನಬೇಕು, ಅದಕ್ಕೇ ಅದು ಕಣ್ಣು ಮಿಟುಕಿಸುವುದರಲ್ಲಿ ಮಡಚಿಕೊಳ್ಳುತ್ತಿತ್ತು. ಮೂಕಿ ಉದ್ದವಾದಷ್ಟೂ ಟ್ರೈಲರ್ ನಿಧಾನವಾಗಿ ತಿರುಗುತ್ತದೆ, ಹಿಂದಕ್ಕೆ ತೆಗೆಯುವವರಿಗೆ ಯೋಚಿಸಲು ಹೊತ್ತು ಸಿಗುತ್ತದೆ.

ಹದಿನೆಂಟು ದಿನಕ್ಕೆ ಟ್ರೈಲರ್ ಸಿದ್ಧವಾಯಿತು. ಬೂದು ಬಣ್ಣ, ಏಣಿಗೆ ಪಕ್ಕದಲ್ಲಿ ಕೊಕ್ಕೆ, ಹಿಂದೆ ಜೀಪಿನ ಬ್ರೇಕಿನ ಜೊತೆಗೇ ಹತ್ತುವ ಕೆಂಪು ದೀಪ. ಅಜ್ಜ ಅವಳ ಸಾಮಾನನ್ನೆಲ್ಲ ತರಿಸಿ ಹೇರಿಸಿದ. ಮನೆಯಲ್ಲಿ ಮೈತೂಕ ನೋಡುವ ಸಣ್ಣ ಯಂತ್ರವನ್ನು ಮರದ ತುಂಡಿನ ಮೇಲಿಟ್ಟು, ಮೂಕಿಯ ತುದಿಯನ್ನು ಅದರ ಮೇಲೆ ಇಳಿಸಿದ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಅಲ್ಲಿ ಬೀಳಬೇಕು. ಜಾಸ್ತಿಯಾದರೆ ಜೀಪಿನ ಕುಂಡೆ ಕುಸಿದು ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳದು. ಕಡಿಮೆಯಾದರೆ ಅದಕ್ಕಿಂತ ಅಪಾಯ, ಟ್ರೈಲರ್ ಹಾವಿನಂತೆ ಹರಿದಾಡುತ್ತದೆ. ಭಾರವೆಲ್ಲ ಗಾಲಿಯ ಮೇಲೆ ಮತ್ತು ತುಸು ಮುಂದೆ, ಹಗುರಾದದ್ದು ಹಿಂದೆ, ಎಲ್ಲವನ್ನೂ ಅಲುಗದಂತೆ ಕಟ್ಟಬೇಕು. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಹಾಕಿ ಕಟ್ಟಿದರೆ, ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ಇಷ್ಟನ್ನೂ ಅಜ್ಜ ಒಂದೇ ಉಸಿರಿನಲ್ಲಿ ಹೇಳದೆ, ಒಂದೊಂದನ್ನೂ ಅವಳ ಕೈಯಲ್ಲೇ ಮಾಡಿಸಿದ. ಕೊನೆಗೆ ಎರಡು ಬೆರಳೆತ್ತಿದ.

"ಅಲ್ಲಾಡಕ್ಕೆ ಶುರುವಾಯ್ತು ಅಂದ್ರೆ ಎರಡು ಮಾಡ್ಬಾರ್ದು. ಬ್ರೇಕ್ ಒತ್ಬಾರ್ದು, ಸ್ಟೇರಿಂಗ್ ಎಳೀಬಾರ್ದು. ಕಾಲು ಎತ್ತು, ಕೈ ಗಟ್ಟಿಯಾಗಿ ನೆಟ್ಟಗೆ ಹಿಡ್ಕೋ. ತಾನಾಗಿ ಸರಿಹೋಗತ್ತೆ."

"ಹೋಗದಿದ್ರೆ?"

"ಹೋಗತ್ತೆ" ಎಂದು ಅಜ್ಜ ಕನ್ನಡಕ ಇಳಿಸಿಕೊಂಡ. ಕೇಳದ ಕಿವಿಯ ಕಡೆಯಿಂದ ಕೇಳಿದ್ದಕ್ಕೆ ಹಾಗೆಂದನೋ, ನಂಬಿಯೇ ಅಂದನೋ ಅವಳಿಗೆ ತಿಳಿಯಲಿಲ್ಲ.

ಹಿಂದಕ್ಕೆ ತೆಗೆಯುವುದನ್ನು ಮಾತ್ರ ಯಾರೂ ಹೇಳಿಕೊಟ್ಟು ಬರುವುದಲ್ಲ ಎಂದಿದ್ದ. ಸ್ಟೇರಿಂಗ್‌ನ ತಳಭಾಗ ಹಿಡಿ, ಟ್ರೈಲರ್ ಎತ್ತ ಹೋಗಬೇಕೋ ಕೈ ಅತ್ತ ಸರಿಸು, ಸ್ವಲ್ಪವೇ ಸರಿಸು, ಕೆಡುವ ಮೊದಲೇ ನಿಲ್ಲಿಸಿ ಮುಂದಕ್ಕೆ ಹೋಗು. ಇಷ್ಟೇ ಪಾಠ. ಅವಳು ಮುಚ್ಚಿಹೋದ ಒಂದು ಮಿಲ್ಲಿನ ಅಂಗಳ ಹುಡುಕಿಕೊಂಡಳು. ಕಾವಲುಗಾರನಿಗೆ ಹೇಳಿ, ಇಟ್ಟಿಗೆಗಳನ್ನು ಎರಡು ಸಾಲಾಗಿ ಇಟ್ಟು, ಅದನ್ನೇ ಗಲ್ಲಿ ಎಂದುಕೊಂಡು ಭಾನುವಾರದ ಬೆಳಗ್ಗೆಗಳನ್ನೆಲ್ಲ ಅಲ್ಲಿ ಕಳೆದಳು. ವ್ಯಾನಿನ ಕಾಲದಲ್ಲಿ ಅವಳಿಗೆ ಈ ಕಷ್ಟವೇ ಇರಲಿಲ್ಲ. ಅವಳು ಸ್ಟೇರಿಂಗ್ ಹಿಡಿದರೆ ಅಣ್ಣ ಹಿಂದೆ ನಿಂತು, ಬಾ ಬಾ, ಎಡಕ್ಕೆ ಒಂಚೂರು, ಸಾಕು ಎನ್ನುತ್ತಿದ್ದ. ಸಾಕು ಎಂದಾಗ ನಿಲ್ಲಿಸಿದರಾಯಿತು. ಈಗ ಸಾಕು ಎನ್ನುವವರಿಲ್ಲ. ಇಳಿದು ನೋಡಬೇಕು, ಹತ್ತಬೇಕು, ಎರಡಡಿ ಬಿಡಬೇಕು, ಮತ್ತೆ ಇಳಿಯಬೇಕು. ಮೊದಲ ಭಾನುವಾರ ಹನ್ನೊಂದು ಇಟ್ಟಿಗೆ ಪುಡಿಯಾದವು. ಒಮ್ಮೆ ಅವಳಿಗೆ ಅರಿವಿಲ್ಲದೆಯೇ ಬಾಯಿ, ಬಾ ಬಾ ಬಾ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿತ್ತು. ದನಿಯೂ ಅಣ್ಣನದ್ದೇ. ಅವಳು ಜೀಪು ಆರಿಸಿ ಸ್ವಲ್ಪ ಹೊತ್ತು ಸ್ಟೇರಿಂಗ್ ಮೇಲೆ ಗಲ್ಲ ಊರಿ ಕೂತಳು. ಆರನೇ ಭಾನುವಾರ ಒಂದೂ ಇಟ್ಟಿಗೆ ಅಲುಗದೆ ಟ್ರೈಲರ್ ಸಾಲಿನೊಳಗೆ ಸೇರಿತು. ಕಾವಲುಗಾರ ಆಗಲೇ ಬೀಡಿ ತರಲು ಹೋಗಿದ್ದ.

ಕೆಲಸ ಮತ್ತೆ ಹಳಿಗೆ ಬಂತು. ಟ್ಯಾಂಕಿನ ಬಾಯಲ್ಲಿ ನಿಲ್ಲಲು ಅವಳು ಆಯಾ ಮನೆಯವರನ್ನೇ ಒಪ್ಪಿಸತೊಡಗಿದಳು. ಯಾರಾದರೂ ನಿಂತು ಎರಡು ನಿಮಿಷಕ್ಕೊಮ್ಮೆ ಮಾತಾಡಿಸದಿದ್ದರೆ ಇಳಿಯುವುದೇ ಇಲ್ಲ ಎಂಬುದು ಅವಳ ಕಟ್ಟುನಿಟ್ಟು. ಕೆಲವರು ಟ್ಯಾಂಕಮ್ಮಾ ಇದ್ದೀರಾ ಎನ್ನುತ್ತಿದ್ದರು, ಬಾಡಿಗೆಗೆ ಮನೆ ಕೇಳಿದ ಹಾಗೆ. ಒಬ್ಬ ನಿವೃತ್ತ ಗುಮಾಸ್ತರು ಇಡೀ ಒಂದೂವರೆ ಗಂಟೆ ತಮ್ಮ ಸೊಸೆಯ ಮೇಲಿನ ದೂರನ್ನು ಟ್ಯಾಂಕಿನೊಳಗೆ ಸುರಿದರು. ಅವಳು ಪಾಚಿ ಉಜ್ಜುತ್ತ ಹೂಂಗುಟ್ಟಿದಳು. ಬೇರೆಯವರ ಮನೆಯ ಮಾತೆಲ್ಲ ಕೇಳಿ, ಸಂಜೆ ತನ್ನ ಮನೆಯ ಬೀಗ ತೆಗೆದರೆ ಒಂದು ಮಾತೂ ಇರುತ್ತಿರಲಿಲ್ಲ. ಅಣ್ಣ ಮೊದಲು ದಿನಾ ಫೋನು ಮಾಡುತ್ತಿದ್ದ, ಆಮೇಲೆ ವಾರಕ್ಕೆರಡು ಸಲ, ಆಮೇಲೆ ಬಿಡುವಾದಾಗ. ಅವಳು ಅದನ್ನು ತಪ್ಪೆಂದು ಎಣಿಸಲಿಲ್ಲ. ಹೊಸ ಮನೆ, ಹೊಸ ಜನ.

ಒಂದು ಬೆಚ್ಚನೆಯ ಮಧ್ಯಾಹ್ನ ಅವಳು ಗುಡ್ಡದ ಮೇಲಿನ ಒಂದು ಹಾಸ್ಟೆಲ್ಲಿನ ಟ್ಯಾಂಕು ಮುಗಿಸಿದ್ದಳು. ಕೆಸರನ್ನು ಇಲ್ಲೆಲ್ಲೂ ಚೆಲ್ಲಕೂಡದು, ನೀವೇ ಒಯ್ಯಬೇಕು ಎಂದು ವಾರ್ಡನ್ ಹಟ ಹಿಡಿದರು. ಎರಡು ಡ್ರಮ್ಮನ್ನು ಟ್ರೈಲರ್ ಮೇಲಿಟ್ಟು ಪಂಪಿನಿಂದಲೇ ಅರ್ಧರ್ಧ ತುಂಬಿದಳು. ಡ್ರಮ್ಮು ಇದ್ದದ್ದು ಟ್ರೈಲರ್‌ನ ಹಿಂಬಾಗಿಲ ಹತ್ತಿರ. ತುಂಬಿದ ಮೇಲೆ ಮುಂದಕ್ಕೆ ನೂಕಬೇಕೆಂದಿದ್ದಳು, ನೂಕಿದಳು, ಭುಜ ಕೊಟ್ಟು ನೂಕಿದಳು, ಒಂದಂಗುಲ ಸರಿಯಲಿಲ್ಲ. ಇನ್ನೊಂದು ಜೊತೆ ಕೈ ಇದ್ದಿದ್ದರೆ ಅರ್ಧ ನಿಮಿಷದ ಕೆಲಸ. ವಾರ್ಡನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಾಗಿತ್ತು. ಮುಂದೆ ಮೂರನೆಯದೊಂದು ಖಾಲಿ ಡ್ರಮ್ಮು ಬಿಟ್ಟರೆ ಜಾಗ ಉಳಿಯಿತು, ಆದರೆ ಪಂಪನ್ನೂ ಸುಸ್ತಿನಲ್ಲಿ ಹಿಂದೆಯೇ ಇಟ್ಟಳು. ಹಗ್ಗ ಬಿಗಿದಳು. ಸರಪಳಿ ನೋಡಿದಳು, ದೀಪ ನೋಡಿದಳು. ಮೂಕಿಯ ಭಾರ ನೋಡಲು ತಂದಿಟ್ಟುಕೊಂಡಿದ್ದ ತೂಕದ ಯಂತ್ರ ಸೀಟಿನ ಕೆಳಗಿತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದು ಅದನ್ನು ತೆಗೆಯಲಿಲ್ಲ.

ಇಳಿಜಾರಿನ ನಡುವೆ, ಅರವತ್ತರ ವೇಗದಲ್ಲಿ, ಎಡಗನ್ನಡಿಯಲ್ಲಿ ಟ್ರೈಲರ್‌ನ ಇಡೀ ಪಕ್ಕೆ ಕಂಡಿತು. ಹಾಗೆ ಕಾಣಬಾರದು ಎಂದು ಅವಳಿಗೆ ಅನ್ನಿಸುವಷ್ಟರಲ್ಲಿ ಅದು ಬಲಗನ್ನಡಿಯಲ್ಲಿತ್ತು. ಮತ್ತೆ ಎಡಕ್ಕೆ. ಪ್ರತಿ ಸಲವೂ ಜೀಪಿನ ಹಿಂಭಾಗವನ್ನು ಯಾರೋ ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಎತ್ತಿಟ್ಟ ಹಾಗಾಗುತ್ತಿತ್ತು. ಡ್ರಮ್ಮಿನ ಕೆಸರು ಒಳಗೇ ಡಬ್ ಡಬ್ ಎಂದು ಗೋಡೆಗೆ ಬಡಿಯುವುದು ಕೇಳಿಸುತ್ತಿತ್ತು. ಅವಳ ಬಲಗಾಲು ಬ್ರೇಕಿನ ಮೇಲೆ ಹೋಗಿಯೇಬಿಟ್ಟಿತ್ತು. ಒತ್ತಲಿಲ್ಲ. ಒತ್ತದಿರುವುದು ಅಷ್ಟು ಕಷ್ಟದ ಕೆಲಸವೆಂದು ಅವಳಿಗೆ ಅಂದೇ ಗೊತ್ತಾದದ್ದು. ಕಾಲನ್ನು ಎತ್ತಿ ನೆಲಕ್ಕೂರಿ, ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡು, ಸ್ಟೇರಿಂಗನ್ನು ಗೋಡೆಗೆ ಮೊಳೆ ಹೊಡೆದಂತೆ ನೆಟ್ಟಗೆ ಹಿಡಿದಳು. ಎದುರಿನಿಂದ ಒಂದು ಬಸ್ಸು ಬಂತು. ಅದರ ಡ್ರೈವರು ಕಣ್ಣರಳಿಸಿ ಪಕ್ಕಕ್ಕೆ ಸರಿದದ್ದು, ಅವನ ಹೆಗಲ ಮೇಲಿನ ಹಳದಿ ಟವೆಲ್ಲು, ಎಲ್ಲವೂ ಸ್ಪಷ್ಟವಾಗಿ ಕಂಡಿತು. ಜೀಪು ಇದ್ದ ಗೇರಿನಲ್ಲೇ ಗೊಣಗುತ್ತ ನಿಧಾನವಾಯಿತು. ಐವತ್ತು. ನಲವತ್ತು. ತೂಗಾಟ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಕೊನೆಗೆ ಟ್ರೈಲರ್ ಏನೂ ಆಗದ ಹಾಗೆ ಹಿಂದೆ ಬರತೊಡಗಿತು.

ರಸ್ತೆ ಅಗಲವಾದಲ್ಲಿ ನಿಲ್ಲಿಸಿ ಇಳಿದಳು. ಅಲ್ಲೇ ಮೈಲಿಗಲ್ಲಿನ ಮೇಲೆ ಕೂತಳು. ಗಾಡಿಗಳು ಹೋಗುತ್ತಲೇ ಇದ್ದವು. ಏನೋ ಆಗಿದೆ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ, ಆಗಿಯೂ ಇರಲಿಲ್ಲವಲ್ಲ. ಅವಳು ಅಣ್ಣನಿಗೆ ಫೋನು ಹಚ್ಚಿದಳು. ಹಿಂದೆ ಗದ್ದಲವಿತ್ತು, ಯಾರೋ ದೊಡ್ಡ ಗಿರಾಕಿ ಬಂದಂತಿತ್ತು, ಕುಂಡ ಎಣಿಸುವ ದನಿ ಕೇಳುತ್ತಿತ್ತು.

"ಏನ್ ಕುಳ್ಳೀ, ಅರ್ಜೆಂಟಾ?"

"ಇಲ್ಲ" ಎಂದಳು. "ಊಟ ಆಯ್ತಾ ಅಂತ ಕೇಳಕ್ಕೆ."

"ಆಯ್ತು, ಆಯ್ತು. ಸಂಜೆ ಮಾಡ್ತೀನಿ, ಹಾಂ?"

ಫೋನು ಜೇಬಿಗೆ ಹಾಕಿ ಎದ್ದಳು. ಡ್ರಮ್ಮು ಸರಿಯುವುದಿಲ್ಲ, ಆದರೆ ಬಕೆಟ್ಟು ಸರಿಯುತ್ತದೆ. ಹಿಂದಿನ ಡ್ರಮ್ಮುಗಳಿಂದ ಕೆಸರನ್ನು ಬಕೆಟ್ಟಿನಲ್ಲಿ ಮೊಗೆದು, ಮುಂದಿದ್ದ ಮೂರನೇ ಖಾಲಿ ಡ್ರಮ್ಮಿಗೆ ಸುರಿದಳು. ಮೂವತ್ತೆಂಟು ಬಕೆಟ್ಟು. ಪಂಪನ್ನು ಗಾಲಿಯ ಮೇಲಕ್ಕೆ ಎಳೆದಳು. ಮೂಕಿ ಬಿಚ್ಚಿ ತೂಕದ ಯಂತ್ರದ ಮೇಲಿಟ್ಟು, ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತದ್ದನ್ನು ಎರಡು ಸಲ ನೋಡಿದಳು. ಅಷ್ಟಾಗುವಾಗ ಸೊಂಟ ಬಿದ್ದುಹೋಗಿತ್ತು. ಸಂಜೆ ಅಣ್ಣನ ಫೋನು ಬರಲಿಲ್ಲ.

ಮೂರನೇ ದಿನ ಅವಳು ಏನೂ ಕೆಲಸವಿಲ್ಲದೆ ಬೆಸುಗೆ ಶೆಡ್ಡಿಗೆ ಹೋದಳು. ಟ್ರೈಲರ್ ಸರಿಯಿದೆಯೇ ನೋಡಿ ಎಂದು ನೆಪ ಹೇಳಿದಳು. ಅಜ್ಜ ಗಾಲಿಯ ನಡುಗುಂಬವನ್ನು ಅಂಗೈಯಿಂದ ಮುಟ್ಟಿ, ಕೊಂಡಿ ಅಲ್ಲಾಡಿಸಿ, ಎಲ್ಲ ಚೆನ್ನಾಗಿದೆಯಲ್ಲ ಎಂದ. ಆಗ ಅವಳು ಹೇಳತೊಡಗಿದಳು. ವಾರ್ಡನ್ನು, ಡ್ರಮ್ಮು, ಇಳಿಜಾರು. ಅಜ್ಜ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂತು, ನಡುವೆ ಅವಳು ನಿಲ್ಲಿಸಿದಾಗಲೆಲ್ಲ ಕೇಳಿದ್ದು ಒಂದೇ ಮಾತು:

"ಆಮೇಲೆ?"

ಈ ಆರು ತಿಂಗಳಲ್ಲಿ ತನ್ನನ್ನು ಯಾರೂ ಆಮೇಲೆ ಎಂದು ಕೇಳಿರಲಿಲ್ಲ. ಬಸ್ಸಿನ ಡ್ರೈವರನ ಹಳದಿ ಟವೆಲ್ಲಿನವರೆಗೂ ಎಲ್ಲವನ್ನೂ ಹೇಳಿದಳು. ಅಜ್ಜ ಬೈಯಲೂ ಇಲ್ಲ, ಶಹಬ್ಬಾಸ್ ಅನ್ನಲೂ ಇಲ್ಲ. ಹಿಂಭಾರ ಹೇರಿದವರಲ್ಲಿ ಎಲ್ಲರೂ ಬಂದು ಹೇಳುವಷ್ಟು ಉಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿ, ಅವಳಿಗೂ ತನಗೂ ಚಹ ಕಾಸಿದ. ಹಳೆ ಕಬ್ಬಿಣದಲ್ಲಿ ಎರಡು ಹಳಿ ಮಾಡಿ ಟ್ರೈಲರ್‌ನ ತಳಕ್ಕೆ ಬೆಸೆದು, ಡ್ರಮ್ಮಿಗೆ ಸಣ್ಣ ಗಾಲಿಯ ಹಲಗೆ ಕೂರಿಸಿ, ಮುಂದೆ ಹಗ್ಗ ಸುತ್ತುವ ಕೈರಾಟೆಯೊಂದನ್ನು ಜೋಡಿಸಿಕೊಟ್ಟ. ಹಿಡಿಕೆ ತಿರುಗಿಸಿದರೆ ಎಷ್ಟು ಭಾರದ ಡ್ರಮ್ಮಾದರೂ ತಾನಾಗಿ ಮುಂದಕ್ಕೆ ಬರುತ್ತಿತ್ತು. ಇನ್ನು ಯಾರ ಕೈಯೂ ಬೇಡ ಎಂದ. ಅವಳಿಗೆ ಅದು ಸಮಾಧಾನವೂ ಆಯಿತು, ಬೇಜಾರೂ ಆಯಿತು.

ಮಳೆಗಾಲ ಕಳೆದ ಮೇಲೆ ಅಣ್ಣನೇ ಫೋನು ಮಾಡಿ, ನರ್ಸರಿಯ ದೊಡ್ಡ ಟ್ಯಾಂಕು ಹೂಳು ತುಂಬಿದೆ, ಬೇರೆ ಯಾರನ್ನೂ ಕರೆಯಲು ಮನಸ್ಸಿಲ್ಲ, ಬರುತ್ತೀಯಾ ಎಂದ. ಅವಳು ನಸುಕಿಗೇ ಎದ್ದು ಟಯರಿನ ಗಾಳಿ ನೋಡಿ ಹೊರಟಳು. ಮೂರು ಗಂಟೆಯ ದಾರಿ ಅವಳಿಗೆ ನಾಲ್ಕಾಯಿತು. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ, ಕಾದಿದೆಯೇ ಎಂದು ಗಾಲಿಯ ಗುಂಬ ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ನರ್ಸರಿಯ ಗೇಟು ಕಿರಿದು, ಒಳಗೆ ಎರಡೂ ಕಡೆ ಕುಂಡಗಳ ಸಾಲು, ಟ್ಯಾಂಕು ತುದಿಯಲ್ಲಿ. ಒಳಗೆ ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಹೋಗಬೇಕು. ಜೀಪಿನ ಸದ್ದು ಕೇಳಿ ಅಣ್ಣ ಓಡಿಬಂದ. ದಪ್ಪಗಾಗಿದ್ದ, ಗಡ್ಡ ನೀಟಾಗಿ ಕತ್ತರಿಸಿತ್ತು, ಯಾರೋ ಮುತುವರ್ಜಿಯಿಂದ ಇಸ್ತ್ರಿ ಮಾಡಿದ ಅಂಗಿ. ಹಿಂದೆ ಮುಂದೆ ನೋಡದೆ ಸೀದಾ ಟ್ರೈಲರ್‌ನ ಹಿಂದೆ ಹೋಗಿ ನಿಂತು ಎರಡೂ ಕೈ ಎತ್ತಿದ. ಬಾ ಬಾ, ಬಲಕ್ಕೆ ತಿರುಗ್ಸು, ಇನ್ನೂ ಬಲಕ್ಕೆ. ಅವನು ವ್ಯಾನಿನ ಲೆಕ್ಕದಲ್ಲಿ ಹೇಳುತ್ತಿದ್ದ. ಟ್ರೈಲರ್‌ಗೆ ಅದು ತಿರುವುಮುರುವು. ಅವಳು ಅವನ ಮಾತು ಕೇಳಿದಳು, ಕೇಳಬೇಕೆನ್ನಿಸಿಯೇ ಕೇಳಿದಳು, ಟ್ರೈಲರ್ ಕುಂಡಗಳ ಕಡೆ ವಾಲಿತು. ನಿಲ್ಲಿಸಿ ಮುಂದಕ್ಕೆ ತೆಗೆದಳು. ಎರಡನೇ ಸಲವೂ ಅದೇ ಆಯಿತು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದಳು. ಅಣ್ಣನ ಹಣೆ ಬೆವರಿತ್ತು. ತಂಗಿ ಜೀಪಿನ ಕಿಟಕಿಯಿಂದ ತಲೆ ಹೊರಹಾಕಿದಳು.

"ಅಣ್ಣಾ, ನೀನು ಸ್ವಲ್ಪ ಪಕ್ಕಕ್ಕೆ ನಿಂತ್ಕೋ."

"ಯಾಕೆ, ನಾನು ನೋಡ್ತೀನಲ್ಲ?"

"ಕನ್ನಡೀಲಿ ನೀನು ಅಡ್ಡ ಬರ್ತೀಯ. ನಾನು ತಗೋತೀನಿ."

ಅವನ ಎತ್ತಿದ ಕೈ ನಿಧಾನವಾಗಿ ಕೆಳಗಿಳಿದು, ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಬೆನ್ನ ಹಿಂದೆ ಹೋಯಿತು. ಅವಳು ಸ್ಟೇರಿಂಗ್‌ನ ತಳ ಹಿಡಿದು, ಅಂಗುಲ ಅಂಗುಲವಾಗಿ, ಎರಡು ಕುಂಡದ ಸಾಲಿನ ನಡುವೆ ಟ್ರೈಲರನ್ನು ಒಂದೇ ಸಲಕ್ಕೆ ಟ್ಯಾಂಕಿನ ಬಾಯಿಯವರೆಗೆ ಒಯ್ದು ನಿಲ್ಲಿಸಿದಳು. ಒಂದು ಎಲೆಯೂ ಅಲುಗಲಿಲ್ಲ. ಅತ್ತಿಗೆ ಚಪ್ಪಾಳೆ ತಟ್ಟಿದಳು. ಅಣ್ಣ ನಕ್ಕ, ಆದರೆ ಆ ನಗು ಕಣ್ಣಿಗೆ ಏರಲಿಲ್ಲ. ಯಾವಾಗ ಕಲಿತೆ ಎಂದು ಕೇಳಿದ. ಭಾನುವಾರಗಳಲ್ಲಿ ಎಂದಳು.

ಕೆಲಸಕ್ಕೆ ಮುಕ್ಕಾಲು ದಿನ ಹಿಡಿಯಿತು. ಅಣ್ಣ ಟ್ಯಾಂಕಿನ ಬಾಯಲ್ಲಿ ನಿಂತ, ಹಳೆಯ ಹಾಗೇ ಕುಳ್ಳೀ ಎಂದ, ಅವಳು ಹೂಂ ಎಂದಳು. ನಡುವೆ ಗಿರಾಕಿಗಳು ಕರೆದಾಗ ಅತ್ತಿಗೆ ನಿಂತಳು. ಅಣ್ಣ ಹೋದ ಹೊತ್ತಿನಲ್ಲಿ ಅತ್ತಿಗೆ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದಳು: ಅವರು ಮೋಡ ಕಂಡರೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ, ಆ ಕಡೆ ದಾರಿಯಲ್ಲಿ ಮಳೆಯಿದೆಯೋ ಏನೋ ಅನ್ನುತ್ತಾರೆ, ಫೋನು ಮಾಡಿ ಅಂದರೆ ಕೆಲಸದಲ್ಲಿರುತ್ತಾಳೆ ಬೇಡ ಅನ್ನುತ್ತಾರೆ. ಟ್ಯಾಂಕಿನೊಳಗೆ ಅವಳ ಬ್ರಷ್ಷು ನಿಂತಿತು. ಮೇಲಿಂದ ಅತ್ತಿಗೆ, "ಇದ್ದೀಯೇನೇ?" ಎಂದು ಗಾಬರಿಯಾದಳು. ಇದ್ದೀನಿ ಅತ್ತಿಗೆ ಎಂದು ಅವಳು ಮತ್ತೆ ಉಜ್ಜತೊಡಗಿದಳು.

ಉಳಿದು ಹೋಗು ಎಂದು ಇಬ್ಬರೂ ಹೇಳಿದರು. ಮಾರನೇ ದಿನ ಬೇರೆ ಕಡೆ ಒಪ್ಪಿಕೊಂಡಾಗಿದೆ ಎಂದಳು. ಅದು ನಿಜವೇ. ಹೊರಡುವಾಗ ಅಣ್ಣ ಟ್ರೈಲರ್‌ನ ಸುತ್ತ ಒಂದು ಸುತ್ತು ಬಂದು, ಸರಪಳಿ ಎಳೆದು ನೋಡಿ, ಮಾಡಿದವನು ಚೆನ್ನಾಗಿ ಮಾಡಿದ್ದಾನೆ ಎಂದ. ಇಳಿಜಾರಿನಲ್ಲಿ ಆದದ್ದನ್ನು ಅವಳು ಆಗ ಹೇಳಬಹುದಿತ್ತು. ಅವನು ಮೋಡ ನೋಡಿ ಕಿಟಕಿಯಲ್ಲಿ ನಿಲ್ಲುವುದು ನೆನಪಾಗಿ ಹೇಳಲಿಲ್ಲ.

ಇದಾಗಿ ಎರಡು ವರ್ಷ. ಟ್ರೈಲರ್‌ಗೆ ಒಮ್ಮೆ ಟಯರು ಬದಲಾಗಿದೆ. ಅಜ್ಜನ ಶೆಡ್ಡಿಗೆ ತಿಂಗಳಿಗೊಮ್ಮೆ ಹೋಗಿ, ಗ್ರೀಸ್ ಹಾಕಿಸುವ ನೆಪದಲ್ಲಿ ಒಂದು ತಾಸು ಕೂತು ಬರುತ್ತಾಳೆ. ಅಣ್ಣನ ಊರಿಗೆ ವರ್ಷಕ್ಕೆರಡು ಸಲ. ಈಗ ಅವನು ಗೇಟು ತೆಗೆದು ದೂರ ನಿಲ್ಲುತ್ತಾನೆ. ಜೀಪಿನ ಪಕ್ಕದ ಸೀಟಿನ ಮೇಲೆ ನೀರಿನ ಬಾಟಲಿ, ಟಾರ್ಚು, ಒಣಗಿದ ಒಂದು ಜೊತೆ ಬಟ್ಟೆ ಇರುತ್ತದೆ. ಹೋದ ವಾರ ಒಂದು ಶಾಲೆಯ ಟ್ಯಾಂಕಿಗೆ ಇಳಿದಿದ್ದಾಗ, ಬಾಯಲ್ಲಿ ನಿಂತಿದ್ದ ಮೇಷ್ಟ್ರು, ಇಷ್ಟು ದೂರ ಒಬ್ಬರೇ ಬರ್ತೀರಾ ಎಂದು ಕೇಳಿದರು.

"ಹೂಂ. ಒಬ್ಬಳೇ" ಎಂದಳು.

ಖಾಲಿ ಟ್ಯಾಂಕಿನಲ್ಲಿ ಆ ಮಾತು ಅವಳು ಹೇಳಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಅದು ಅಡಗುವವರೆಗೆ ಕಾದು, ಬಕೆಟ್ಟು ಇಳಿಸಿ ಎಂದು ಮೇಷ್ಟ್ರಿಗೆ ಹೇಳಿದಳು.